ದ್ರಾಕ್ಷಿ ಕೀಳುವ ರೋಬೋಟೋ, ಹಡಗಿನ ಪ್ರೊಪೆಲ್ಲರೋ? ಎಂ.ಟೆಕ್ ಯೋಜನೆಗೆ ಯಾವುದನ್ನು ಹಿಡಿಯಲಿ?

ತಿಕೋಟಾದ ಹುಡುಗ | ಭಾನುವಾರ, ರಾತ್ರಿ 9:10

ಎಲ್ಲರಿಗೂ ನಮಸ್ಕಾರ. ವಿಜಯಪುರದಲ್ಲಿ ಮೆಕ್ಯಾನಿಕಲ್ ವಿಭಾಗದಲ್ಲಿ ಎಂ.ಟೆಕ್ ಓದುತ್ತಿದ್ದೇನೆ. ಎರಡನೆಯ ವರ್ಷದ ಯೋಜನೆಗೆ ನಮ್ಮ ಮಾರ್ಗದರ್ಶಕರು ಎರಡು ವಿಷಯಗಳನ್ನು ಮುಂದಿಟ್ಟಿದ್ದಾರೆ. ಒಂದು, ಹಣ್ಣು ಕೀಳುವ ರೋಬೋಟ್ ತೋಳು. ಇನ್ನೊಂದು, ಸಣ್ಣ ಹಡಗಿನ ಪ್ರೊಪೆಲ್ಲರ್ ಸುತ್ತ ಕೊಳವೆಯಂಥ ಕವಚ ಕೂರಿಸಿ ಇಂಧನ ಉಳಿಸುವ ವಿಧಾನ. ಹದಿನೈದು ದಿನಗಳಲ್ಲಿ ಒಂದನ್ನು ಆರಿಸಿ ಹೇಳಬೇಕು.

ನನ್ನ ಮನಸ್ಸು ಮೊದಲನೆಯದರ ಕಡೆಗೇ ವಾಲುತ್ತದೆ. ಕಾರಣ ಮನೆಯದು. ಮೂರು ಎಕರೆ ದ್ರಾಕ್ಷಿ ಇದೆ, ಎಲ್ಲವೂ ಒಣದ್ರಾಕ್ಷಿಗೆ ಹೋಗುತ್ತದೆ. ಹೋದ ವರ್ಷ ಮಾರ್ಚ್‌ನಲ್ಲಿ ಸಕ್ಕರೆ ಅಂಶ 22 ಬ್ರಿಕ್ಸ್ ದಾಟಿತ್ತು, ಅಂದರೆ ಹಣ್ಣು ಕಟಾವಿಗೆ ಬಂದಿತ್ತು. ಕಟಾವಿಗೆ ಹೇಳಿದ್ದ ತಂಡದವರು ಬೇರೆ ತೋಟದ ಕೆಲಸ ಮುಗಿಯದೆ ನಾಲ್ಕು ದಿನ ತಡವಾಗಿ ಬಂದರು. ಅಷ್ಟರಲ್ಲಿ ಮೂರನೆಯ ರಾತ್ರಿ ಮಳೆ ಸುರಿದಿತ್ತು. ಬೆಳಿಗ್ಗೆ ಅಪ್ಪ ಬಳ್ಳಿಯ ಕೆಳಗೆ ಕುಳಿತು ಸೀಳಿದ ಕಾಳುಗಳನ್ನು ಬಿಡಿಸುತ್ತಿದ್ದರು. ಅಂದಿನಿಂದ ಈ ಯಂತ್ರದ ವಿಚಾರ ನನ್ನ ತಲೆಯಿಂದ ಇಳಿದಿಲ್ಲ.

ಲೆಕ್ಕ ಹಾಕಿ ನೋಡಿದೆ. ಎಕರೆಗೆ ಹತ್ತು ಟನ್ ಹಸಿ ದ್ರಾಕ್ಷಿ, ಗೊಂಚಲೊಂದಕ್ಕೆ 400 ಗ್ರಾಂ ಎಂದು ಹಿಡಿದರೆ 25,000 ಗೊಂಚಲು. ಒಂದು ಗೊಂಚಲಿಗೆ ಯಂತ್ರ 24 ಸೆಕೆಂಡು ತೆಗೆದುಕೊಂಡರೆ ಆರು ಲಕ್ಷ ಸೆಕೆಂಡು, ಅಂದರೆ ಸುಮಾರು 167 ಗಂಟೆ. ಹಗಲು ರಾತ್ರಿ ನಿಲ್ಲದೆ ದುಡಿದರೂ ಒಂದು ಎಕರೆಗೆ ಏಳು ದಿನ. ಈ ಲೆಕ್ಕ ನೋಡಿ ಎದೆಗುಂದಿದೆ. ತೋಟದವರು, ಯಂತ್ರ ಬಲ್ಲವರು, ಹಡಗಿನ ಕೆಲಸದಲ್ಲಿರುವವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಬಬಲೇಶ್ವರದ ಬೆಳೆಗಾರ | ಭಾನುವಾರ, ರಾತ್ರಿ 10:25

ತಮ್ಮಾ, ನಿನ್ನ ಅಪ್ಪ ಸೀಳಿದ ಕಾಳು ಬಿಡಿಸಿದ ಹಾಗೆಯೇ ನಾನೂ ಬಿಡಿಸಿದ್ದೇನೆ. ಅದರ ಸಂಕಟ ಬೆಳೆದವರಿಗಷ್ಟೇ ಗೊತ್ತು.

ಆದರೆ ಒಂದು ಮಾತು ಕೇಳು. ಕಟಾವು ನಮ್ಮ ವರ್ಷದಲ್ಲಿ ಹತ್ತು ಹದಿನೈದು ದಿನದ ಕೆಲಸ. ಏಪ್ರಿಲ್ ಚಾಟ್ನಿ (ಕಡ್ಡಿ ಕತ್ತರಿಸುವುದು), ಚಿಗುರು ತೆಗೆಯುವುದು, ಕಡ್ಡಿ ಕಟ್ಟುವುದು, ಅಕ್ಟೋಬರ್ ಚಾಟ್ನಿ, ಗೊಂಚಲನ್ನು ಜಿ.ಎ. (ಕಾಳು ಹಿಗ್ಗಿಸುವ ಜಿಬ್ಬರೆಲಿಕ್ ಆಮ್ಲ) ದ್ರಾವಣದಲ್ಲಿ ಅದ್ದುವುದು, ಕಾಳು ತೆಳುವು ಮಾಡುವುದು (ಒತ್ತಾಗಿರುವ ಕಾಳುಗಳಲ್ಲಿ ಕೆಲವನ್ನು ತೆಗೆಯುವುದು), ನಡುನಡುವೆ ಲೆಕ್ಕವಿಲ್ಲದಷ್ಟು ಸಲ ಔಷಧ ಸಿಂಪಡಣೆ. ಆಳುಗಳು ಬೇಕಾಗುವುದು ಈ ಎಲ್ಲಕ್ಕೂ. ಹತ್ತು ದಿನ ಓಡಿ ಉಳಿದ ಹನ್ನೊಂದು ತಿಂಗಳು ಶೆಡ್ಡಿನಲ್ಲಿ ಧೂಳು ತಿನ್ನುವ ಯಂತ್ರಕ್ಕೆ ಯಾವ ರೈತ ಹಣ ಹಾಕುತ್ತಾನೆ? ಟ್ರ್ಯಾಕ್ಟರ್ ನಮ್ಮ ಮನೆಗೆ ಬಂದದ್ದು ಅದು ಹತ್ತು ಕೆಲಸ ಮಾಡುತ್ತದೆ ಎಂದು.

ಇನ್ನು ಗೊಂಚಲಿನ ಮಾತು. ಕಾಳಿನ ಮೇಲೆ ಬಿಳಿ ಪುಡಿಯಂಥ ಮೇಣದ ಪದರ ಇರುತ್ತದೆ. ಮುಟ್ಟಿದರೆ ಬೆರಳಿನ ಗುರುತು ಕೂರುತ್ತದೆ. ತಿನ್ನುವ ಹಣ್ಣಾಗಿ ಮಾರುವವನಿಗೆ ಆ ಪುಡಿಯೇ ಬೆಲೆ. ಅದಕ್ಕೇ ನಾವು ತೊಟ್ಟು ಹಿಡಿದು ಕತ್ತರಿಸುತ್ತೇವೆ, ಗೊಂಚಲನ್ನು ಮುಟ್ಟುವುದಿಲ್ಲ. ಯಂತ್ರಕ್ಕೂ ಇದನ್ನೇ ಕಲಿಸು. ಆ ತೊಟ್ಟು ಎಲ್ಲಿರುತ್ತದೆ ಗೊತ್ತಲ್ಲ? ಎಲೆಯ ಹಿಂದೆ, ತಂತಿಯ ಪಕ್ಕ, ಎಷ್ಟೋ ಸಲ ಬಳ್ಳಿಯ ಕುಡಿ ಸುತ್ತಿಕೊಂಡು. ಹಸಿರು ಎಲೆಯ ನಡುವೆ ಹಸಿರು ಕಾಳು, ಹಸಿರು ತೊಟ್ಟು. ಕ್ಯಾಮೆರಾ ಹೇಗೆ ಹುಡುಕುತ್ತದೆ?

ಜಮಖಂಡಿಯ ಸಂಶೋಧಕಿ | ಸೋಮವಾರ, ಬೆಳಿಗ್ಗೆ 6:50

ಕೃಷಿ ರೋಬೋಟ್‌ಗಳ ಮೇಲೆಯೇ ಪಿಎಚ್.ಡಿ ಮಾಡುತ್ತಿದ್ದೇನೆ, ಆದ್ದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಈ ಕನಸು ಹೊಸದಲ್ಲ. 1968ರಲ್ಲಿ ಶೆರ್ಟ್ಸ್ ಮತ್ತು ಬ್ರೌನ್ ಎಂಬ ಅಮೆರಿಕದ ಇಬ್ಬರು ಇಂಜಿನಿಯರುಗಳು ಕಿತ್ತಳೆ ಜಾತಿಯ ಹಣ್ಣುಗಳನ್ನು ಬೆಳಕಿನ ಪ್ರತಿಫಲನದಿಂದ ಗುರುತಿಸಿ ಒಂದೊಂದಾಗಿ ಕೀಳಬಹುದು ಎಂದು ಬರೆದರು. 1980ರ ದಶಕದಲ್ಲಿ ಫ್ರಾನ್ಸಿನಲ್ಲಿ ಸೇಬು ಕೀಳುವ ‘ಮಗಾಲಿ’ ಎಂಬ ಯಂತ್ರ ಬಂತು. 1990ರ ದಶಕದಲ್ಲಿ ಜಪಾನಿನ ಒಕಾಯಾಮಾ ವಿಶ್ವವಿದ್ಯಾಲಯದವರು ದ್ರಾಕ್ಷಿಗೆಂದೇ ಒಂದು ರೋಬೋಟ್ ಮಾಡಿದರು. ಬಬಲೇಶ್ವರದ ಕಾಕಾ ಕೇಳಿದ್ದನ್ನೇ ಅವರೂ ಯೋಚಿಸಿದ್ದರು: ತೋಳು ಒಂದೇ, ತುದಿಯ ‘ಕೈ’ ಮಾತ್ರ ಬದಲಾಗುತ್ತದೆ. ಒಂದು ಕೈ ಗೊಂಚಲು ಕತ್ತರಿಸಲು, ಒಂದು ಕಾಳು ತೆಳುವು ಮಾಡಲು, ಒಂದು ಗೊಂಚಲಿಗೆ ಚೀಲ ಹಾಕಲು, ಒಂದು ಔಷಧ ಸಿಂಪಡಿಸಲು. ಯಂತ್ರ ವರ್ಷವಿಡೀ ದುಡಿಯಬೇಕೆಂಬ ತಿಳಿವಳಿಕೆ ಅವರಿಗೆ ಆಗಲೇ ಇತ್ತು.

ಆಮೇಲೆ ಏನಾಯಿತು? 2014ರಲ್ಲಿ ನೆದರ್‌ಲೆಂಡ್ಸ್‌ನ ಬಾಕ್ ಮತ್ತು ಸಂಗಡಿಗರು ಮೂವತ್ತು ವರ್ಷಗಳಲ್ಲಿ ನಡೆದ 50 ಕಟಾವು ರೋಬೋಟ್ ಯೋಜನೆಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಸರಾಸರಿಯಲ್ಲಿ ನೂರು ಹಣ್ಣಿಗೆ 66 ಸರಿಯಾಗಿ ಕಟಾವಾಗಿದ್ದವು. ಒಂದು ಹಣ್ಣಿಗೆ 33 ಸೆಕೆಂಡು ಬೇಕಾಗಿತ್ತು. ಮೂವತ್ತು ವರ್ಷ ದುಡಿದ ನಂತರದ ಅಂಕಿ ಇದು.

2016ರ ಸುಮಾರಿಗೆ ಯಂತ್ರದ ಕಣ್ಣಿನ ಸಮಸ್ಯೆ ಬಹಳಷ್ಟು ಕರಗಿತು. ಆಳ ಕಲಿಕೆಯ (ಡೀಪ್ ಲರ್ನಿಂಗ್) ಕಂಪ್ಯೂಟರ್ ಜಾಲಗಳಿಗೆ ಸಾವಿರಾರು ಚಿತ್ರಗಳನ್ನು ತೋರಿಸಿದರೆ ಹಸಿರಿನಲ್ಲಿ ಹಸಿರನ್ನೂ ಅವು ಹುಡುಕುತ್ತವೆ. ಅವು ಬಣ್ಣವೊಂದನ್ನೇ ನಂಬುವುದಿಲ್ಲ, ಕಾಳುಗಳ ಗುಂಡನೆಯ ಸಾಲು, ನೆರಳಿನ ಅಂಚು ಎಲ್ಲವನ್ನೂ ನೋಡುತ್ತವೆ. ನಡುಹಗಲಿನ ಬಿಸಿಲಿನಲ್ಲಿ ಅತಿಗೆಂಪು ಬೆಳಕನ್ನು ನಂಬಿ ದೂರ ಅಳೆಯುವ ಕ್ಯಾಮೆರಾಗಳು ತಡವರಿಸುತ್ತವೆ. ಹಾಗಾಗಿ ರಾತ್ರಿ ತನ್ನದೇ ದೀಪ ಹಚ್ಚಿಕೊಂಡು ಓಡುವ ಯಂತ್ರಕ್ಕೆ ಕೆಲಸ ಸುಲಭ. ನಿಮ್ಮ 167 ಗಂಟೆಯಲ್ಲಿ ರಾತ್ರಿಗಳನ್ನೂ ಸೇರಿಸಿದ್ದು ಸರಿಯಾಗಿಯೇ ಇದೆ.

ಕಣ್ಣು ಬಂದರೂ ಕೈಗೆ ದಾರಿ ಸಿಗಲಿಲ್ಲ. ಯುರೋಪಿನ ‘ಸ್ವೀಪರ್’ ಯೋಜನೆಯಲ್ಲಿ ದಪ್ಪ ಮೆಣಸಿನಕಾಯಿ ಕೀಳುವ ರೋಬೋಟನ್ನು ನಿಜವಾದ ಹಸಿರುಮನೆಯಲ್ಲಿ ಪರೀಕ್ಷಿಸಿದರು. ಒಂದು ಕಾಯಿಗೆ ಸರಾಸರಿ 24 ಸೆಕೆಂಡು. ಗಿಡ ಇದ್ದ ಹಾಗೆಯೇ ಇದ್ದಾಗ ಯಶಸ್ಸು 18 ಶೇಕಡ. ಕಾಯಿಯನ್ನು ಮುಚ್ಚಿದ್ದ ಎಲೆಗಳನ್ನೂ ಒತ್ತೊತ್ತಾಗಿದ್ದ ಕಾಯಿಗಳನ್ನೂ ತೆಗೆದು ಗಿಡವನ್ನು ಅಣಿ ಮಾಡಿದಾಗ ಅದೇ ಯಂತ್ರಕ್ಕೆ 61 ಶೇಕಡ. ಯಂತ್ರದ ಒಂದು ತಿರುಪನ್ನೂ ಬದಲಿಸಿರಲಿಲ್ಲ. ನಾನು ಈ ಎರಡು ಅಂಕಿಗಳನ್ನು ಕಾಗದದಲ್ಲಿ ಬರೆದು ಮೇಜಿನ ಮುಂದೆ ಅಂಟಿಸಿಕೊಂಡಿದ್ದೇನೆ.

ತಿಕೋಟಾದ ಹುಡುಗ | ಸೋಮವಾರ, ಬೆಳಿಗ್ಗೆ 8:05

ಅಕ್ಕಾ, ಹಾಗಾದರೆ ಚಪ್ಪರದ ಪದ್ಧತಿ ರೋಬೋಟಿಗೆ ಒಳ್ಳೆಯದೋ, ವೈ ಆಂಗಲ್ (ವೈ ಅಕ್ಷರದಂತೆ ಕವಲೊಡೆದ ಕಂಬಗಳ ಪದ್ಧತಿ) ಒಳ್ಳೆಯದೋ? ನಮ್ಮಲ್ಲಿ ಎರಡು ಎಕರೆ ವೈ, ಒಂದು ಎಕರೆ ಹಳೆಯ ಚಪ್ಪರ ಇದೆ.

ಜಮಖಂಡಿಯ ಸಂಶೋಧಕಿ | ಸೋಮವಾರ, ಬೆಳಿಗ್ಗೆ 8:40

ಎರಡೂ ಒಂದೇ ಮನೆಯಲ್ಲಿ ಇರುವುದು ನಿಮ್ಮ ಭಾಗ್ಯ, ಹೋಲಿಸಿ ನೋಡಬಹುದು. ನ್ಯೂಜಿಲೆಂಡಿನಲ್ಲಿ ಕಿವಿ ಹಣ್ಣನ್ನು ಚಪ್ಪರದ ಮೇಲೆಯೇ ಬೆಳೆಯುತ್ತಾರೆ. ಹಣ್ಣು ಕೆಳಕ್ಕೆ ತೂಗುತ್ತದೆ, ಎಲೆ ಮೇಲೆ ಉಳಿಯುತ್ತದೆ. ಆಕ್ಲೆಂಡ್ ವಿಶ್ವವಿದ್ಯಾಲಯದವರು ನಾಲ್ಕು ತೋಳಿನ ಯಂತ್ರವನ್ನು ಚಪ್ಪರದ ಕೆಳಗೆ ಓಡಿಸಿ, ಕೆಳಗಿನಿಂದ ಮೇಲಕ್ಕೆ ನೋಡಿ ಕೀಳುವ ಹಾಗೆ ಮಾಡಿದರು. 2019ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಹಣ್ಣೊಂದಕ್ಕೆ 5.5 ಸೆಕೆಂಡು. ತೋಟದ ಒಟ್ಟು ಹಣ್ಣಿನಲ್ಲಿ 51 ಶೇಕಡ ಮಾತ್ರ ಸಿಕ್ಕಿತು, ಉಳಿದದ್ದು ಕೊಂಬೆ ಮತ್ತು ತಂತಿಗಳ ಮರೆಯಲ್ಲಿತ್ತು. ಆದರೂ 24 ಸೆಕೆಂಡಿಗೂ ಐದೂವರೆಗೂ ಇರುವ ಅಂತರ ನೋಡಿ. ನಿಮ್ಮ 167 ಗಂಟೆ ಈ ವೇಗದಲ್ಲಿ 38 ಗಂಟೆಗೆ ಇಳಿಯುತ್ತದೆ.

ಹಡಗಿನ ಇಂಜಿನಿಯರ್, ಬೆಳಗಾವಿ | ಸೋಮವಾರ, ಸಂಜೆ 7:30

ಬೆಳಗಾವಿಯವನು, ಸರಕು ಹಡಗುಗಳ ಇಂಜಿನ್ ಕೋಣೆಯಲ್ಲಿ ಹದಿನಾರು ವರ್ಷ ದುಡಿದಿದ್ದೇನೆ, ಈಗ ರಜೆಯಲ್ಲಿದ್ದೇನೆ. ಮೇಲಿನ 18 ಮತ್ತು 61ರ ಮಾತು ಓದಿದಾಗ ಸುಮ್ಮನಿರಲಾಗಲಿಲ್ಲ, ಏಕೆಂದರೆ ಇದು ನಮ್ಮ ಪ್ರೊಪೆಲ್ಲರ್‌ನ ಕಥೆಯೇ.

ಮೊದಲು ಒಬ್ಬ ರೈತನ ವಿಷಯ ಹೇಳಬೇಕು. ಹಡಗಿಗೆ ತಿರುಪಿನಂಥ ಪ್ರೊಪೆಲ್ಲರ್ ಕೂರಿಸಿ ಗೆದ್ದವರಲ್ಲಿ ಒಬ್ಬ ಫ್ರಾನ್ಸಿಸ್ ಪೆಟಿಟ್ ಸ್ಮಿತ್. ಇಂಗ್ಲೆಂಡಿನ ಕೃಷಿಕ. ತನ್ನ ಹೊಲದ ಕೆರೆಯಲ್ಲಿ ಆಟಿಕೆಯಂಥ ದೋಣಿಗೆ ಸ್ಪ್ರಿಂಗ್ ಕಟ್ಟಿ ಮರದ ತಿರುಪು ತಿರುಗಿಸಿ ನೋಡಿದ. 1836ರಲ್ಲಿ ಪೇಟೆಂಟ್ ಪಡೆದ. ಮರುವರ್ಷ ಕಾಲುವೆಯಲ್ಲಿ ಪರೀಕ್ಷೆ ನಡೆಯುವಾಗ ಎರಡು ಸುತ್ತಿನ ಆ ಉದ್ದನೆಯ ತಿರುಪು ಏನಕ್ಕೋ ತಗಲಿ ಅರ್ಧ ಮುರಿದುಬಿತ್ತು. ದೋಣಿ ನಿಲ್ಲುವ ಬದಲು ಇನ್ನೂ ಜೋರಾಗಿ ಓಡಿತು! ಹೆಚ್ಚು ಸುತ್ತುಗಳಿದ್ದರೆ ಹೆಚ್ಚು ನೂಕುತ್ತದೆ ಎಂದು ಅವನು ನಂಬಿದ್ದ, ನೀರು ಬೇರೆಯದೇ ಹೇಳಿತು. 1845ರಲ್ಲಿ ಬ್ರಿಟಿಷ್ ನೌಕಾಪಡೆ ಪ್ರೊಪೆಲ್ಲರ್ ಇದ್ದ ‘ರ‍್ಯಾಟ್ಲರ್’ ಮತ್ತು ಗಾಲಿ ಹಲಗೆಗಳಿದ್ದ ‘ಅಲೆಕ್ಟೊ’ ಹಡಗುಗಳನ್ನು ಬೆನ್ನಿಗೆ ಬೆನ್ನು ಕಟ್ಟಿ ಎಳೆಸಿತು. ರ‍್ಯಾಟ್ಲರ್ ಇನ್ನೊಂದನ್ನು ಹಿಮ್ಮುಖವಾಗಿ ಎಳೆದುಕೊಂಡು ಹೋಯಿತು.

ಈಗ ಮುಖ್ಯ ವಿಷಯ. ಪ್ರೊಪೆಲ್ಲರನ್ನು ತೆರೆದ ನೀರಿನಲ್ಲಿ ಒಂಟಿಯಾಗಿ ಪರೀಕ್ಷಿಸಿದಾಗ ಒಂದು ಅಂಕಿ ಬರುತ್ತದೆ. ಅದನ್ನೇ ಹಡಗಿನ ಹಿಂದೆ ಕೂರಿಸಿದಾಗ ಬೇರೆ ಅಂಕಿ. ಕಾರಣ ಸರಳ. ಹಡಗಿನ ಒಡಲು ಸಾಗುವಾಗ ತನ್ನ ಮೈಗೆ ತಾಗಿದ ನೀರನ್ನು ಜೊತೆಗೆ ಎಳೆದುಕೊಂಡು ಬರುತ್ತದೆ. ಹಾಗಾಗಿ ಪ್ರೊಪೆಲ್ಲರ್ ಎದುರಿಸುವ ನೀರು ಹಡಗಿನ ವೇಗಕ್ಕಿಂತ ನಿಧಾನ, ಅದೂ ಮೇಲೆ ಒಂದು ಬಗೆ, ಕೆಳಗೆ ಒಂದು ಬಗೆ. ಪ್ರತಿ ಅಲಗೂ ಒಂದೇ ಸುತ್ತಿನಲ್ಲಿ ನಿಧಾನದ ನೀರನ್ನೂ ವೇಗದ ನೀರನ್ನೂ ದಾಟುತ್ತದೆ. ಇತ್ತ ಪ್ರೊಪೆಲ್ಲರ್ ಹಿಂಬದಿಯ ನೀರನ್ನು ಸೆಳೆಯುವುದರಿಂದ ಒಡಲಿನ ಮೇಲಿನ ಎಳೆತ ಇನ್ನಷ್ಟು ಹೆಚ್ಚುತ್ತದೆ. ಹೀಗೆ ಒಡಲು ಪ್ರೊಪೆಲ್ಲರನ್ನು ಬದಲಿಸುತ್ತದೆ, ಪ್ರೊಪೆಲ್ಲರ್ ಒಡಲನ್ನು ಬದಲಿಸುತ್ತದೆ. ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ನಮ್ಮವರು ಇವೆರಡನ್ನೂ ಜೋಡಿಯಾಗಿಯೇ ಲೆಕ್ಕ ಹಾಕುತ್ತಾರೆ. ತಮ್ಮಾ, ನಿನ್ನ ಮಾರ್ಗದರ್ಶಕರು ಹೇಳಿದ ಕವಚವೂ ಹಾಗೆಯೇ. ಒಂದು ಹಡಗಿಗೆ ಇಂಧನ ಉಳಿಸಿದ ಕವಚ ಇನ್ನೊಂದು ಒಡಲಿನ ಹಿಂದೆ ಏನೂ ಉಳಿಸದೆ ಇರಬಹುದು.

ಇನ್ನೊಂದನ್ನು ಸೇರಿಸುತ್ತೇನೆ. ಚಾರ್ಲ್ಸ್ ಪಾರ್ಸನ್ಸ್ 1894ರಲ್ಲಿ ‘ಟರ್ಬಿನಿಯಾ’ ಎಂಬ ಟರ್ಬೈನ್ ದೋಣಿ ಕಟ್ಟಿದಾಗ ಇಂಜಿನ್ ಬಲ ಬೇಕಾದಷ್ಟಿತ್ತು, ಆದರೆ ವೇಗ 20 ನಾಟ್ ಕೂಡ ಮುಟ್ಟಲಿಲ್ಲ. ಪ್ರೊಪೆಲ್ಲರ್ ಅತಿವೇಗದಲ್ಲಿ ತಿರುಗಿದಾಗ ಅಲಗಿನ ಬೆನ್ನಿಗೆ ಒತ್ತಡ ಕುಸಿದು, ತಣ್ಣನೆಯ ನೀರೇ ಕುದಿದಂತೆ ಗುಳ್ಳೆಯೇಳುತ್ತದೆ. ಅಲಗು ನೀರನ್ನು ಹಿಡಿಯುವುದೇ ಇಲ್ಲ. ನಮ್ಮಲ್ಲಿ ಇದಕ್ಕೆ ಕ್ಯಾವಿಟೇಶನ್ ಎನ್ನುತ್ತಾರೆ, ಆ ಗುಳ್ಳೆಗಳು ಒಡೆದು ಕಂಚನ್ನೂ ತಿಂದುಹಾಕುತ್ತವೆ. ಪಾರ್ಸನ್ಸ್ ಸಣ್ಣ ನೀರಿನ ಪೆಟ್ಟಿಗೆಯೊಂದನ್ನು ಮಾಡಿ, ಗಾಜಿನ ಮೂಲಕ ಕಣ್ಣಾರೆ ಆ ಗುಳ್ಳೆಗಳನ್ನು ನೋಡಿದ. ಆಮೇಲೆ ಒಂದು ಶಾಫ್ಟಿನ ಬದಲು ಮೂರು, ಪ್ರತಿಯೊಂದಕ್ಕೂ ಮೂರು ಪ್ರೊಪೆಲ್ಲರ್. 1897ರಲ್ಲಿ ಅದೇ ದೋಣಿ 34 ನಾಟ್ ಓಡಿತು, ಅಂದರೆ ಗಂಟೆಗೆ 63 ಕಿಲೋಮೀಟರ್. ತೋಳಿನ ಮೋಟಾರು ಸಾಲದು ಎಂದು ನಿನಗೆ ಅನ್ನಿಸಿದಾಗ ಇದನ್ನು ನೆನಪಿಸಿಕೋ. ಬಲ ಸಾಲದೆ ಇರುವುದು ಅಪರೂಪ, ಅದು ವಸ್ತುವನ್ನು ಮುಟ್ಟುವ ಜಾಗದಲ್ಲಿ ತಪ್ಪು ಇರುವುದೇ ಹೆಚ್ಚು.

ಹುನಗುಂದದ ದಾಳಿಂಬೆ | ಸೋಮವಾರ, ರಾತ್ರಿ 9:15

ದಾಳಿಂಬೆಯವರ ಮಾತನ್ನೂ ಒಂದಿಷ್ಟು ಕೇಳಿ. ಬಾಗಲಕೋಟೆ ಜಿಲ್ಲೆಯಲ್ಲಿ ದುಂಡಾಣು ಅಂಗಮಾರಿ ಎಷ್ಟು ತೋಟಗಳನ್ನು ಬೇರುಸಹಿತ ಕೀಳಿಸಿದೆ ಎಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ನಾನೇ ನಾಲ್ಕು ಎಕರೆ ಕಿತ್ತುಹಾಕಿದ್ದೇನೆ. ಎಲೆಯ ಮೇಲೆ ನೀರಿನ ಕಲೆ, ಕಾಯಿಯ ಮೇಲೆ ಕಪ್ಪು ಚುಕ್ಕೆ, ಕೊನೆಗೆ ಕಾಯಿ ಸೀಳಿ ಬಾಯಿ ತೆರೆಯುತ್ತದೆ. ಇದು ಮಳೆಹನಿಯ ಜೊತೆ ಹರಡುತ್ತದೆ, ಕತ್ತರಿಯ ಬಾಯಿಯಿಂದಲೂ ಹರಡುತ್ತದೆ. ನಾವು ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವಾಗ ಕತ್ತರಿಯನ್ನು ಹೈಪೋಕ್ಲೋರೈಟ್ ನೀರಿನಲ್ಲಿ ಅದ್ದುತ್ತೇವೆ.

ದಾಳಿಂಬೆಯ ತೊಟ್ಟು ಗಿಡ್ಡ ಮತ್ತು ಗಟ್ಟಿ. ಎಳೆದು ಕೀಳಲು ಬರುವುದಿಲ್ಲ, ಕತ್ತರಿಸಲೇಬೇಕು. ಹಾಗಿದ್ದರೆ ನಿಮ್ಮ ರೋಬೋಟಿನ ಅಲಗು ರಾತ್ರಿಯಿಡೀ ಸಾವಿರ ಗಿಡಗಳನ್ನು ಮುಟ್ಟುತ್ತದೆ. ಮೊದಲ ಗಿಡದಲ್ಲಿ ರೋಗ ಇದ್ದರೆ ಬೆಳಗಾಗುವುದರೊಳಗೆ ತೋಟವೆಲ್ಲ ಅದನ್ನು ಹೊತ್ತಿರುತ್ತದೆ. ಮನುಷ್ಯ ಕಲೆ ಕಂಡ ಗಿಡದ ಮುಂದೆ ನಿಂತು ‘ಇದನ್ನು ಕೊನೆಗೆ ಮಾಡೋಣ’ ಎನ್ನುತ್ತಾನೆ. ಅಲಗು ತೊಳೆಯುವ ಏರ್ಪಾಡಿಲ್ಲದ ಯಂತ್ರವನ್ನು ನಾನಂತೂ ನನ್ನ ಬೇಲಿಯೊಳಗೆ ಬಿಡುವುದಿಲ್ಲ.

ಇಂಡಿಯ ಶಿಕ್ಷಕಿ | ಸೋಮವಾರ, ರಾತ್ರಿ 10:05

ನನ್ನ ಅವ್ವ ಇಪ್ಪತ್ತು ವರ್ಷ ದ್ರಾಕ್ಷಿ ತೋಟಗಳಲ್ಲಿ ಕೂಲಿ ಮಾಡಿದಳು. ಆ ದುಡ್ಡಿನಲ್ಲಿ ನಾನು ಬಿ.ಎಡ್ ಓದಿದೆ. ಹಾಗಾಗಿ ಇಲ್ಲಿ ‘ಆಳು ಸಿಗುವುದಿಲ್ಲ’ ಎಂಬ ಮಾತು ಬಂದಾಗಲೆಲ್ಲ ನನಗೆ ಆ ಆಳಿನ ಮುಖ ಕಾಣುತ್ತದೆ.

ಯಂತ್ರ ಬರಬಾರದು ಎಂದು ನಾನು ಹೇಳುವುದಿಲ್ಲ. ಚಪ್ಪರದ ಕೆಳಗೆ ಬೆಳಗಿನಿಂದ ಸಂಜೆಯವರೆಗೆ ಕೈ ಮೇಲೆತ್ತಿ, ಕತ್ತು ಹಿಂದಕ್ಕೆ ಬಾಗಿಸಿ ಕಾಳು ಬಿಡಿಸಿದ್ದರಿಂದ ಅವ್ವನಿಗೆ ಈಗ ಭುಜ ಎತ್ತಿ ತಲೆ ಬಾಚಿಕೊಳ್ಳಲು ಆಗುವುದಿಲ್ಲ. ನಾನೇ ಬಾಚುತ್ತೇನೆ. ಆ ನೋವನ್ನು ತಪ್ಪಿಸುವ ಯಂತ್ರ ನಾಳೆಯೇ ಬರಲಿ.

ಆದರೆ ಅವ್ವನಿಗೆ ಗೊತ್ತಿದ್ದುದನ್ನು ಯಾರಾದರೂ ಬರೆದಿಟ್ಟುಕೊಂಡಿದ್ದೀರಾ? ಈ ಚರ್ಚೆ ಓದಿ ಅವಳನ್ನು ಕೇಳಿದೆ. ಗೊಂಚಲು ಕತ್ತರಿಸುವ ಮುಂಚೆ ತೊಟ್ಟು ಹಿಡಿದು ಅರ್ಧ ಸುತ್ತು ತಿರುಗಿಸುತ್ತಿದ್ದೆ ಎಂದಳು. ಏಕೆ ಎಂದರೆ ‘ಬೆನ್ನು ನೋಡಬೇಕಲ್ಲ’ ಎಂದಳು. ಕೊಳೆತ ಕಾಳು ಮುಂದೆ ಇರುವುದಿಲ್ಲ, ಗಾಳಿಯಾಡದ ಹಿಂಬದಿಯಲ್ಲಿ ಇರುತ್ತದೆ. ಅಂಥದ್ದು ಒಂದು ಕ್ರೇಟಿಗೆ ಬಿದ್ದರೆ ಜೊತೆಯ ಗೊಂಚಲುಗಳಿಗೂ ರಸ ಸೋರಿ ಅಂಟು ಹಿಡಿಯುತ್ತದೆ. ಇದನ್ನೆಲ್ಲ ಅವಳು ಎರಡು ಸೆಕೆಂಡಿನಲ್ಲಿ ಮಾಡುತ್ತಿದ್ದಳು. ನಿಮ್ಮ ಕ್ಯಾಮೆರಾ ಮುಂದಿನಿಂದಷ್ಟೇ ನೋಡುತ್ತದಲ್ಲವೇ?

ತಮ್ಮಾ, ನೀನು ಯಾವ ಯಂತ್ರ ಮಾಡಿದರೂ ಮೊದಲು ಒಂದು ವಾರ ಆ ಹೆಣ್ಣುಮಕ್ಕಳ ಜೊತೆ ಸಾಲಿನಲ್ಲಿ ನಿಲ್ಲು. ಯಂತ್ರ ನಡೆಸಲು ಜನ ಬೇಕಾದಾಗ ಅವರನ್ನೇ ಕಲಿಸು.

ತಿಕೋಟಾದ ಹುಡುಗ | ಸೋಮವಾರ, ರಾತ್ರಿ 10:40

ಅಕ್ಕಾ, ಅವ್ವನವರಿಗೆ ನನ್ನ ನಮಸ್ಕಾರ ತಿಳಿಸಿ. ‘ಬೆನ್ನು ನೋಡುವುದು’ ನಾನು ಓದಿದ ಯಾವ ಪ್ರಬಂಧದಲ್ಲೂ ಇರಲಿಲ್ಲ. ತೊಟ್ಟು ಹಿಡಿದ ಮೇಲೆ ಮಣಿಕಟ್ಟನ್ನು ತಿರುಗಿಸಿ ಎರಡನೆಯ ಚಿತ್ರ ತೆಗೆಯಬಹುದು. ಬರೆದುಕೊಂಡಿದ್ದೇನೆ.

ಜಮಖಂಡಿಯ ಸಂಶೋಧಕಿ | ಮಂಗಳವಾರ, ಬೆಳಿಗ್ಗೆ 6:30

ರಾತ್ರಿ ಇದನ್ನೇ ಯೋಚಿಸುತ್ತಿದ್ದೆ. ಒಣದ್ರಾಕ್ಷಿಗೆ ಬೆಳೆಯುವವರಿಗೆ ಗೊಂಚಲನ್ನು ಒಂದೊಂದಾಗಿ ಕೀಳುವುದೇ ಬೇಕಾಗಿಲ್ಲದ ಒಂದು ದಾರಿ ಇದೆ.

ಆಸ್ಟ್ರೇಲಿಯಾದ ಮಿಲ್ಡುರಾ ಸುತ್ತಮುತ್ತ ಹಣ್ಣು ಪಕ್ವವಾದಾಗ ಗೊಂಚಲು ಹೊತ್ತ ಕಡ್ಡಿಗಳನ್ನು ಬುಡದಲ್ಲಿ ಕತ್ತರಿಸಿ, ಹಾಗೆಯೇ ತಂತಿಯ ಮೇಲೆ ಬಿಡುತ್ತಾರೆ. ನಾವು ತೊಟ್ಟಿಯಲ್ಲಿ ಅದ್ದುವ ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಎಣ್ಣೆಯ ಬಗೆಯದೇ ದ್ರಾವಣವನ್ನು ಬಳ್ಳಿಯ ಮೇಲೆಯೇ ಸಿಂಪಡಿಸುತ್ತಾರೆ. ಕಾಳಿನ ಮೇಣದ ಪದರ ಸಡಿಲಗೊಂಡು ನೀರು ಬೇಗ ಹೊರಡುತ್ತದೆ. ಬಳ್ಳಿಯ ಮೇಲೆಯೇ ಒಣಗಿದ ಹಣ್ಣನ್ನು ಯಂತ್ರ ಅಲ್ಲಾಡಿಸಿ ಬೀಳಿಸಿಕೊಳ್ಳುತ್ತದೆ. ಒಣಗಿದ ಮೇಲೆ ಜಜ್ಜುವ ಭಯ ಕಡಿಮೆ, ಹಾಗಾಗಿ ಕಣ್ಣು, ಬೆರಳು, ಆಳ ಕಲಿಕೆ ಯಾವುದೂ ಬೇಕಾಗಿಲ್ಲ. ಇದಕ್ಕೆಂದು ಅವರು ಚಪ್ಪರದ ರಚನೆಯನ್ನೇ ಬದಲಿಸಿದರು: ಈ ವರ್ಷ ಹಣ್ಣು ಹೊರುವ ಕಡ್ಡಿ ಒಂದು ಬದಿಗೆ, ಮುಂದಿನ ವರ್ಷಕ್ಕೆ ಬೆಳೆಯುವ ಚಿಗುರು ಇನ್ನೊಂದು ಬದಿಗೆ. ಕ್ಯಾಲಿಫೋರ್ನಿಯಾದಲ್ಲಿ ತಳಿಯನ್ನೂ ಬದಲಿಸಿದರು. ಬಳ್ಳಿಯ ಮೇಲೆ ಒಣಗಿಸಲು ಬೇಗ ಪಕ್ವವಾಗಲೆಂದು ‘ಸೆಲ್ಮಾ ಪೀಟ್’ ಎಂಬ ತಳಿಯನ್ನು 2001ರಲ್ಲಿ ಬಿಡುಗಡೆ ಮಾಡಿದರು.

ನಮ್ಮ ಕಡೆ ಹೇಗೂ ಏಪ್ರಿಲ್ ಚಾಟ್ನಿಯಲ್ಲಿ ಹಣ್ಣು ಕೊಟ್ಟ ಕಡ್ಡಿಗಳನ್ನೆಲ್ಲ ಕತ್ತರಿಸುತ್ತೇವೆ. ಅದನ್ನೇ ಒಂದು ತಿಂಗಳು ಮೊದಲೇ ಮಾಡಿದರೆ?

ಬಬಲೇಶ್ವರದ ಬೆಳೆಗಾರ | ಮಂಗಳವಾರ, ಬೆಳಿಗ್ಗೆ 9:20

ಮಗಳೇ, ಒಳ್ಳೆಯ ವಿಚಾರ, ಆದರೆ ಮೂರು ಅಡ್ಡಿಗಳಿವೆ.

ಕಟಾವಿನ ನಂತರ ಏಪ್ರಿಲ್ ಚಾಟ್ನಿಯವರೆಗೆ ಬಳ್ಳಿಗೆ ವಿಶ್ರಾಂತಿ ಕೊಡುತ್ತೇವೆ. ಆಗ ಉಳಿದ ಎಲೆಗಳು ಅನ್ನ ತಯಾರಿಸಿ ಬೇರು, ಕಾಂಡಗಳಿಗೆ ಕಳುಹಿಸುತ್ತವೆ. ಮುಂದಿನ ಚಿಗುರಿಗೆ ಅದೇ ಬಂಡವಾಳ. ಕಡ್ಡಿ ಮೊದಲೇ ಕತ್ತರಿಸಿದರೆ ಬಳ್ಳಿ ಹಸಿದುಕೊಂಡೇ ಚಿಗುರಬೇಕು. ಇನ್ನು ಬಣ್ಣ. ನಮ್ಮ ಮಣೂಕಕ್ಕೆ (ಒಣದ್ರಾಕ್ಷಿಗೆ) ಹಸಿರು ಬಣ್ಣವಿದ್ದರೆ ಒಂದು ದರ, ಕಂದು ಬಣ್ಣಕ್ಕೆ ಬೇರೆ ದರ. ಶೆಡ್ಡಿನ ನೆರಳಿನಲ್ಲಿ ಬಲೆಯ ಮೇಲೆ ಒಣಗಿದ್ದಕ್ಕೆ ಆ ಹಸಿರು ಉಳಿಯುತ್ತದೆ, ಬಿಸಿಲಿಗೆ ಬಿಟ್ಟರೆ ಕಂದು ತಿರುಗುತ್ತದೆ. ಕೊನೆಯದು ಮಳೆ. ಶೆಡ್ಡಿನಲ್ಲಿದ್ದರೆ ಮೋಡ ಕವಿದಾಗ ಪರದೆ ಇಳಿಸುತ್ತೇವೆ. ಬಳ್ಳಿಯ ಮೇಲಿದ್ದರೆ ಏನು ಇಳಿಸುವುದು?

ಆದರೂ ಒಂದು ಸಾಲಿನಲ್ಲಿ ಮಾಡಿ ನೋಡಬೇಕೆನ್ನಿಸುತ್ತದೆ. ಒಂದು ಸಾಲು ಹಾಳಾದರೆ ನಾನೇನು ಮುಳುಗುವುದಿಲ್ಲ.

ಉದ್ಯಮಬಾಗದ ಎರಕದವನು | ಮಂಗಳವಾರ, ಮಧ್ಯಾಹ್ನ 2:10

ಬೆಳಗಾವಿಯ ಉದ್ಯಮಬಾಗದಲ್ಲಿ ಸಣ್ಣ ಫೌಂಡ್ರಿ ಇದೆ. ತಮ್ಮಾ, ವಿದ್ಯಾರ್ಥಿಗಳು ರೋಬೋಟ್ ಎಂದರೆ ತೋಳು ಕೊಂಡು ತರಲು ಓಡುತ್ತಾರೆ, ಇಡೀ ಹಣ ಅಲ್ಲಿಯೇ ಮುಗಿಯುತ್ತದೆ. ನೀನು ಹಿಡಿದು ಕತ್ತರಿಸುವ ಕೈಯಿಂದಲೇ ಶುರು ಮಾಡು. ಅದನ್ನು ಕೋಲಿಗೆ ಕಟ್ಟಿ ಮನುಷ್ಯನೇ ನಡೆಸಲಿ. ಒಂದು ಎಳೆತದಲ್ಲಿ ಮೊದಲು ಹಿಡಿಯಬೇಕು, ಆಮೇಲೆ ಅಲಗು ಮುಚ್ಚಬೇಕು. ಕ್ಯಾಮ್ (ತಿರುಗುತ್ತಾ ಬೇರೆ ಭಾಗವನ್ನು ನೂಕುವ ಉಬ್ಬುಗಾಲಿ) ಇಟ್ಟರೆ ಒಂದೇ ಮೋಟಾರಿನಲ್ಲಿ ಎರಡೂ ಆಗುತ್ತವೆ. ದೇಹವನ್ನು ಅಲ್ಯುಮಿನಿಯಂನಲ್ಲಿ ಮಾಡು, ಅಲಗನ್ನು ಮಾತ್ರ ತುಕ್ಕು ಹಿಡಿಯದ ಉಕ್ಕಿನಲ್ಲಿ. ಹುನಗುಂದದವರು ಹೇಳಿದ ಹೈಪೋಕ್ಲೋರೈಟ್ ಅಲ್ಯುಮಿನಿಯಂ ಅನ್ನು ತಿನ್ನುತ್ತದೆ, ದ್ರಾವಣ ಅಲಗಿನಿಂದ ಮೇಲೆ ಹರಿಯದಂತೆ ತಡೆ ಇಡು. ಪ್ಯಾಟರ್ನ್ (ಎರಕದ ಅಚ್ಚಿಗೆ ಬೇಕಾದ ಮಾದರಿ) ತಂದರೆ ಮೊದಲ ಎರಡು ಎರಕಕ್ಕೆ ನಾನು ಹಣ ತೆಗೆದುಕೊಳ್ಳುವುದಿಲ್ಲ.

ಹಡಗಿನ ಇಂಜಿನಿಯರ್, ಬೆಳಗಾವಿ | ಮಂಗಳವಾರ, ಸಂಜೆ 6:45

ಎರಕದ ಅಣ್ಣನವರ ಮಾತು ಚಿನ್ನ. ಪ್ರೊಪೆಲ್ಲರ್ ವಿಷಯ ಆರಿಸುವುದಾದರೆ ಏನು ಬೇಕಾಗುತ್ತದೆ ಎಂಬುದನ್ನೂ ಹೇಳಿಬಿಡುತ್ತೇನೆ, ನಿರ್ಧಾರ ಅರಿವಿನಿಂದಲೇ ಆಗಲಿ. ವಿಲಿಯಂ ಫ್ರೌಡ್ 1870ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಟಾರ್ಕಿಯಲ್ಲಿ ಉದ್ದನೆಯ ತೊಟ್ಟಿ ಕಟ್ಟಿ ಹಡಗಿನ ಮಾದರಿಗಳನ್ನು ಎಳೆದು ಅಳೆದ. 25 ಪಟ್ಟು ಚಿಕ್ಕ ಮಾದರಿಯನ್ನು 5 ಪಟ್ಟು ಕಡಿಮೆ ವೇಗದಲ್ಲಿ ಎಳೆದರೆ ಅಲೆಗಳ ಆಕಾರ ನಿಜ ಹಡಗಿನದಕ್ಕೆ ಹೊಂದುತ್ತದೆ. ಆದರೆ ನೀರಿನ ಜಿಗುಟು ಅದೇ ಅಳತೆಯಲ್ಲಿ ಚಿಕ್ಕದಾಗುವುದಿಲ್ಲ. ಮೈಯುಜ್ಜಿನ ಪಾಲನ್ನು ಬೇರೆಯಾಗಿ ಲೆಕ್ಕ ಹಾಕಿ ಸೇರಿಸಬೇಕಾಗುತ್ತದೆ. ಆದ್ದರಿಂದಲೇ ಈ ಕೆಲಸಕ್ಕೆ ದೊಡ್ಡ ತೊಟ್ಟಿ ಬೇಕು. ಖರಗ್‌ಪುರ ಮತ್ತು ಮದ್ರಾಸ್ ಐಐಟಿಗಳಲ್ಲಿ, ವಿಶಾಖಪಟ್ಟಣದ ನೌಕಾ ಪ್ರಯೋಗಾಲಯದಲ್ಲಿ ಅಂಥವು ಇವೆ. ವಿಜಯಪುರದಲ್ಲಿ ಕುಳಿತರೆ ನಿನ್ನ ಕೆಲಸವೆಲ್ಲ ಕಂಪ್ಯೂಟರ್ ಲೆಕ್ಕದಲ್ಲಿಯೇ ಉಳಿಯುತ್ತದೆ.

ಅದು ಸಣ್ಣ ವಿಷಯ ಎಂದು ತಿಳಿಯಬೇಡ. ಜಗತ್ತಿನ ಹಸಿರುಮನೆ ಅನಿಲಗಳಲ್ಲಿ ಸುಮಾರು 3 ಶೇಕಡ ಹಡಗುಗಳದು. ವೇಗವನ್ನು ಸ್ವಲ್ಪ ಏರಿಸಿದರೂ ಬೇಕಾಗುವ ಶಕ್ತಿ ಹೆಚ್ಚುಕಡಿಮೆ ಅದರ ಘನದಷ್ಟು ಏರುತ್ತದೆ. ಇಂಜಿನ್ ಕೋಣೆಯಲ್ಲಿ ನಿಂತು ಆ ಎಣ್ಣೆ ಉರಿಯುವುದನ್ನು ನೋಡಿದವನು ನಾನು, ಯಾರಾದರೂ ಒಳ್ಳೆಯ ಹುಡುಗರು ಆ ಕೆಲಸ ಹಿಡಿಯಲಿ ಎಂಬ ಆಸೆ ನನಗಿದೆ. ಆದರೆ ನಿನ್ನ ಪರೀಕ್ಷೆಯ ತೊಟ್ಟಿ ನಿನ್ನ ಮನೆಯ ಹಿತ್ತಲಿನಲ್ಲಿದೆ. ಮೂರು ಎಕರೆ, ಎರಡು ಬಗೆಯ ಚಪ್ಪರ. ಫ್ರೌಡ್ ಅಂಥದ್ದನ್ನು ಪಡೆಯಲು ಸರ್ಕಾರವನ್ನು ಬೇಡಬೇಕಾಗಿತ್ತು.

ತಿಕೋಟಾದ ಹುಡುಗ | ಗುರುವಾರ, ರಾತ್ರಿ 9:30

ಎರಡು ದಿನ ತೋಟದಲ್ಲಿದ್ದೆ, ಇಂದು ಮಾರ್ಗದರ್ಶಕರ ಜೊತೆ ಕುಳಿತು ಮಾತಾಡಿದೆ. ವಿಷಯ ನಿರ್ಧಾರವಾಯಿತು, ಆದರೆ ಅವರು ಕೊಟ್ಟ ರೂಪದಲ್ಲಿ ಅಲ್ಲ.

ರೋಬೋಟ್ ತೋಳನ್ನು ಕೊಳ್ಳುವುದಿಲ್ಲ. ಈ ಹಂಗಾಮಿನಲ್ಲಿ ಅಳೆಯುವುದು ಒಂದೇ ಪ್ರಶ್ನೆ: ಸಾಲಿನಲ್ಲಿ ನಿಂತ ಕ್ಯಾಮೆರಾಕ್ಕೆ ನೂರು ಗೊಂಚಲಿನಲ್ಲಿ ಎಷ್ಟರ ತೊಟ್ಟು ಕಾಣುತ್ತದೆ, ಕಂಡ ತೊಟ್ಟಿಗೆ ಕೈ ಹೋಗಲು ದಾರಿ ಇದೆಯೇ. ವೈ ಸಾಲು, ಚಪ್ಪರದ ಸಾಲು ಎರಡರಲ್ಲೂ, ಎಲೆ ತೆಗೆಯುವ ಮುಂಚೆ ಮತ್ತು ತೆಗೆದ ಮೇಲೆ, ಹಗಲು ಮತ್ತು ರಾತ್ರಿ. ಅದರ ಜೊತೆಗೆ ಕೋಲಿಗೆ ಕಟ್ಟಿದ ಕೈ, ಹಿಡಿದು ಅರ್ಧ ಸುತ್ತು ತಿರುಗಿಸಿ ಕತ್ತರಿಸುವಂಥದ್ದು, ಅಲಗಿಗೆ ತೊಳೆಯುವ ತೇವದ ಪಟ್ಟಿ. ಹಡಗಿನ ಸರ್ ಹೇಳಿದ ಒಡಲು ಮತ್ತು ಪ್ರೊಪೆಲ್ಲರ್‌ನ ಹಾಗೆ ಬಳ್ಳಿ ಮತ್ತು ಕೈ ಕೂಡ ಜೋಡಿಯಾಗಿಯೇ ಬೆಳೆಯಬೇಕು ಎಂದು ಮಾರ್ಗದರ್ಶಕರಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಪ್ರಸ್ತಾವದ ಮೊದಲ ಪುಟದಲ್ಲಿ ಅದನ್ನೇ ಬರೆ ಎಂದರು.

ಚಪ್ಪರದ ಕೆಳಗೆ ನಿನ್ನೆ ಒಂದು ಸಾಲಿನಲ್ಲಿ ನೂರು ಗೊಂಚಲು ಎಣಿಸಿ ನೋಡಿದೆ. ಬರಿಗಣ್ಣಿಗೆ ತೊಟ್ಟು ಪೂರ್ತಿ ಕಂಡದ್ದು 37. ಕಾಕಾ, ಎಲೆ ಎಷ್ಟು ತೆಗೆದರೆ ಬಳ್ಳಿಗೆ ತೊಂದರೆಯಾಗುವುದಿಲ್ಲ?

ಬಬಲೇಶ್ವರದ ಬೆಳೆಗಾರ | ಗುರುವಾರ, ರಾತ್ರಿ 10:15

ಗೊಂಚಲಿನ ಬುಡದ ಹಳೆಯ ಎಲೆ ಒಂದೆರಡು ತೆಗೆ, ಅದೂ ಬೆಳಗಿನ ಬಿಸಿಲು ಬೀಳುವ ಬದಿಯಲ್ಲಿ ಮಾತ್ರ. ಪಡುವಣ ಬದಿಯನ್ನು ಮುಟ್ಟಬೇಡ, ಮಧ್ಯಾಹ್ನದ ಬಿಸಿಲಿಗೆ ಕಾಳು ಸುಡುತ್ತದೆ. ಹೀಗಾಗಿ ನಿನ್ನ ಕ್ಯಾಮೆರಾ ಮೂಡಣದಿಂದಲೇ ನೋಡಬೇಕಾಗುತ್ತದೆ, ಅದನ್ನೂ ಲೆಕ್ಕದಲ್ಲಿ ಹಿಡಿ. ಭಾನುವಾರ ಬಾ, ನನ್ನ ತೋಟದಲ್ಲಿ ರಸ್ತೆ ಕಡೆಯ ಎರಡು ಸಾಲು ನಿನಗೆ ಬಿಟ್ಟಿದ್ದೇನೆ. ಒಂದು ನಿನ್ನ ಎಣಿಕೆಗೆ, ಇನ್ನೊಂದರಲ್ಲಿ ಜಮಖಂಡಿಯ ಮಗಳು ಹೇಳಿದ ಹಾಗೆ ಕಡ್ಡಿ ಕತ್ತರಿಸಿ ಬಳ್ಳಿಯ ಮೇಲೆಯೇ ಒಣಗಿಸೋಣ.

ಇಂಡಿಯ ಶಿಕ್ಷಕಿ | ಗುರುವಾರ, ರಾತ್ರಿ 10:50

ಭಾನುವಾರ ಶಾಲೆಗೆ ರಜೆ. ಅವ್ವನನ್ನು ಕರೆದುಕೊಂಡು ನಾನೂ ಬರುತ್ತೇನೆ. ತೊಟ್ಟು ಹೇಗೆ ಹಿಡಿಯಬೇಕೆಂದು ಅವಳೇ ತೋರಿಸುತ್ತಾಳಂತೆ.